ಜೇಬಿನ ಒಳಮೂಲೆ

ಜೂನ್ ೩, ಮಂಗಳವಾರ

ಡೆನ್ಮಾರ್ಕಿನವರಿಂದ ಫೋಟೊ ಬಂದಿದೆ. ನಮ್ಮ ಬಳ್ಳಾರಿಯಲ್ಲಿ ಹೊಲಿದು ಕಳಿಸಿದ ಮೊದಲ ಲಾಟ್ ಜೀನ್ಸ್‌ನಲ್ಲಿ ಕೆಲವು ಪೀಸುಗಳಿಗೆ ಕಲೆ. ಹೊರಗೆ ಎಲ್ಲೂ ಇಲ್ಲ, ಬಲಜೇಬಿನ ಒಳಗಿನ ಬಿಳಿಬಟ್ಟೆಯ ಮೂಲೆಯಲ್ಲಿ ಬೆರಳ ತುದಿಯಷ್ಟು. ಫೋಟೊದಲ್ಲಿ ಕಂದು ಎಂದರೆ ಕಂದು, ಹಳದಿ ಎಂದರೆ ಹಳದಿ. ಇದು ಯಾವ ರಾಸಾಯನಿಕ, ಇದನ್ನು ಪಾಸ್ ಮಾಡಿದ್ದು ಯಾರು ಎಂದು ಕೇಳಿದ್ದಾರೆ. ಪಾಸ್ ಮಾಡಿದ್ದು ನಾನೇ. ಪೆಟ್ಟಿಗೆಗಳ ಮೇಲೆ ದಾಕ್ಷಾಯಣಿ ಎಂದು ದೊಡ್ಡದಾಗಿ ಸಹಿ ಬೇರೆ ಹಾಕಿದ್ದೇನೆ. ಜೇಬನ್ನು ತಿರುವಿ ನೋಡಬೇಕೆಂದು ನಮ್ಮ ನಿಯಮದಲ್ಲಿ ಇರಲಿಲ್ಲ. ಈಗ ಹಾಗೆಂದರೆ ಯಾರು ಕೇಳುತ್ತಾರೆ?

ನನಗೆ ಸಂಬಳ ಕೊಡುವುದು ಈ ಕಾರ್ಖಾನೆಯಲ್ಲ, ಡೆನ್ಮಾರ್ಕಿನವರ ಪರವಾಗಿ ತಿರುಪ್ಪೂರಿನಲ್ಲಿ ಕೂತಿರುವ ಆಫೀಸು. ಅಷ್ಟು ದೂರದವರಿಗೆ ಇಲ್ಲಿ ಕಣ್ಣಾಗಿರುವುದೇ ನನ್ನ ಕೆಲಸ. ಆಫೀಸಿನವರು ಸುತ್ತಿಬಳಸದೆ ಬರೆದಿದ್ದಾರೆ: ತಿಂಗಳ ಕೊನೆಗೆ ಹೋಗುವ ಎರಡನೆಯ ಲಾಟ್‌ನಲ್ಲೂ ಕಲೆ ಕಂಡರೆ ಆರ್ಡರ್ ಬಾಂಗ್ಲಾದೇಶಕ್ಕೆ. ಯಾರ ಕೈಯಿಂದ ಹೀಗಾಯಿತೋ ಅವರ ಹೆಸರು ಬೇಕು, ಅವರು ಕೆಲಸದಲ್ಲಿ ಇರಕೂಡದು.

ಮೊದಲು ಮನಸ್ಸು ಹೋಗಿದ್ದು ತೊಳೆಯುವ ಶೆಡ್ಡಿನ ಕಡೆಗೆ. ತೊಡೆಯ ಮೇಲೆ ಬಟ್ಟೆ ಮಾಸಿದಂತೆ ಕಾಣಲೆಂದು ನೇರಳೆ ಔಷಧಿ ಸಿಂಪಡಿಸುತ್ತಾರೆ. ಆಮೇಲೆ ಅದನ್ನು ಚೆನ್ನಾಗಿ ಜಾಲಿಸಿ ತೆಗೆಯಬೇಕು. ನೀರು ಉಳಿಸಲು ಹೋದರೆ ಇಂಥದೇ ಕಲೆ ಉಳಿಯುತ್ತದೆ. ಆದರೆ ಶೆಡ್ಡಿನ ಮಾಸ್ಟರ್ ಹುಲುಗೇಶಣ್ಣ. ವರ್ಷಗಳಿಂದ ಅವನೂ ನಾನೂ ಒಟ್ಟಿಗೆ ಕೂತು ಬುತ್ತಿ ಬಿಚ್ಚಿದವರು. ಸಿರುಗುಪ್ಪದಿಂದ ದಿನಾ ಬಸ್ಸಿನಲ್ಲಿ ಬರುತ್ತಾನೆ. ಅವನ ಹೆಂಡತಿ ಪಾರಮ್ಮ ರೊಟ್ಟಿಗೆಂದು ಕುಟ್ಟುವ ಅಗಸಿ ಹಿಂಡಿಯಲ್ಲಿ ಅರ್ಧ ನನ್ನ ಡಬ್ಬಿಗೇ ಬರುತ್ತದೆ. ಅವನು ನೀರು ಕದಿಯುವವನಲ್ಲ.

ಅಲ್ಲ ಎಂದುಕೊಳ್ಳುತ್ತೇನೆ.

ಜೂನ್ ೫, ಗುರುವಾರ

ಇಡೀ ದಿನ ಶೆಡ್ಡಿನಲ್ಲಿ ನಿಂತಿದ್ದೆ. ಬಿಸಿಲು, ಹಬೆ, ಔಷಧಿ ವಾಸನೆ ಸೇರಿ ನೆಗಡಿ ಹಿಡಿಯಿತು.

"ನೋಡವ್ವಾ ತಂಗಿ, ನನ್ನ ನೀರಿನ್ಯಾಗ ತಪ್ಪಿಲ್ಲ. ಬೇಕಂದ್ರ ಹಿಂಗ ನಿಂತು ನೋಡು," ಎಂದ ಹುಲುಗೇಶಣ್ಣ.

ನೋಡಿದೆ. ಎಲ್ಲವನ್ನೂ ಹೇಗೆ ಮಾಡಬೇಕೋ ಹಾಗೇ ಮಾಡಿದ. ಆದರೆ ಪಕ್ಕದಲ್ಲಿ ಒಬ್ಬರು ನಿಂತಿದ್ದರೆ ಯಾರು ತಾನೇ ಸರಿಯಾಗಿ ಮಾಡುವುದಿಲ್ಲ? ಊಟದ ಹೊತ್ತಿಗೆ "ನಿನ್ನ ಮನಸ್ಸಿನ್ಯಾಗ ಏನೈತಿ ಹೇಳು" ಎಂದು ಕೇಳಿದ. ಏನಿಲ್ಲ ಎಂದೆ. ಅಷ್ಟು ಕೇಳಬೇಕಾದ ಅಗತ್ಯ ಅವನಿಗೇನಿತ್ತು?

ಜೂನ್ ೬, ಶುಕ್ರವಾರ

ಮಗಳು ಐಶ್ವರ್ಯಳಿಗೆ ಹೊಸ ಯೂನಿಫಾರ್ಮ್ ತಂದೆವು. ಬಿಳಿ ಶರ್ಟು. ನಾನು ಕೆಲಸದಿಂದ ಬರುವಷ್ಟರಲ್ಲಿ ಅತ್ತೆ ಕಾಲರಿನ ಒಳಗೆ ಅರಿಶಿಣ ಹಚ್ಚಿಯೇ ಬಿಟ್ಟಿದ್ದರು. ನನಗೆ ಎಲ್ಲಿತ್ತೋ ಸಿಟ್ಟು, "ಬೆಳಗಿನಿಂದ ಕಲಿ ನೋಡಿ ನೋಡಿ ಸಾಯಾಕತ್ತೀನಿ, ಮನ್ಯಾಗೂ ಇದೇ ಏನ್ರೀ?" ಎಂದು ಕೂಗಿಬಿಟ್ಟೆ.

"ಹೊಸ ಬಟ್ಟಿ ಸುಮ್ನ ಮೈಮ್ಯಾಲೆ ಹಾಕಬಾರ್ದವ್ವ," ಎಂದರು ಅತ್ತೆ ಮೆಲ್ಲಗೆ. ಆಮೇಲೆ ಊಟಕ್ಕೂ ಕರೆಯಲಿಲ್ಲ. ಶರ್ಟನ್ನು ಸೋಪು ಹಾಕಿ ತಿಕ್ಕಿ ಒಣಹಾಕಿದ್ದೇನೆ.

ಜೂನ್ ೧೦, ಮಂಗಳವಾರ

ಯಾರಿಗೂ ಹೇಳದೆ, ಕಳಿಸಲು ಸಿದ್ಧವಾದ ಪೆಟ್ಟಿಗೆಗಳನ್ನು ಬಿಚ್ಚಿ ಜೇಬು ತಿರುವಿದೆ. ಸುಮಾರು ಪೆಟ್ಟಿಗೆಗಳು ಸ್ವಚ್ಛ. ಆಮೇಲೆ ಒಂದು ಪೆಟ್ಟಿಗೆ ಬಂತು, ಅದರಲ್ಲಿ ಒಂದನ್ನೂ ಬಿಡದೆ ಕಲೆ. ಎಲ್ಲವೂ ಬಲಜೇಬಿನಲ್ಲೇ, ಅದೇ ಮೂಲೆಯಲ್ಲೇ. ಮೂಸಿ ನೋಡಿದೆ. ಮೂಗು ಕಟ್ಟಿಕೊಂಡವಳಿಗೆ ಏನು ವಾಸನೆ ಬರಬೇಕು?

ತೊಳೆಯುವುದು ಒಂದೊಂದು ಮಷೀನಿಗೆ ಒಂದೊಂದು ರಾಶಿ. ಒಂದು ರಾಶಿಯನ್ನು ಸರಿಯಾಗಿ ಜಾಲಿಸದಿದ್ದರೆ ಆ ರಾಶಿ ಪೂರ್ತಿ ಕೆಡುತ್ತದೆ. ಹೊಂದುತ್ತದೆ. ಜಾಲಿಸದಿದ್ದರೆ ಕಲೆ ಒಂದೇ ಮೂಲೆಯಲ್ಲಿ ಯಾಕೆ ಉಳಿಯಬೇಕು ಎಂಬುದು ಮಾತ್ರ ಹೊಂದುವುದಿಲ್ಲ. ನೀರು ಅಲ್ಲಿ ಬಸಿದು ನಿಲ್ಲುತ್ತಿರಬೇಕು.

ಇವತ್ತು ತಲೆನೋವು ಎಂದು ಹೇಳಿ ಊಟಕ್ಕೆ ಹೋಗಲಿಲ್ಲ. ಅವನ ಎದುರು ಕೂತು ಅವನ ಮನೆಯ ಹಿಂಡಿ ತಿನ್ನುತ್ತ ಅವನ ಮೇಲೇ ಕಣ್ಣಿಡುವುದು ನನ್ನಿಂದಾಗದು.

ಜೂನ್ ೧೩, ಶುಕ್ರವಾರ

ಹಾಲಿನವನು ನೀರು ಬೆರೆಸುತ್ತಿದ್ದಾನೆ. ಬೆರಳಲ್ಲಿ ಎತ್ತಿ ನೋಡಿದರೆ ನಿಲ್ಲುವುದೇ ಇಲ್ಲ. ಕೇಳಿದ್ದಕ್ಕೆ ನಾಳೆಯಿಂದ ಬೇರೆ ಕಡೆ ಹಾಕಿಸಿಕೊಳ್ಳಿ ಎಂದು ಹೋದ. ತಪ್ಪಿಲ್ಲದವನಿಗೆ ಅಷ್ಟು ಸಿಟ್ಟು ಬರುತ್ತದೆಯೇ?

ಐಶ್ವರ್ಯ ನಾನು ಕೋಣೆಗೆ ಹೋದ ಕೂಡಲೇ ಸ್ಕೂಲ್ ಬ್ಯಾಗಿನ ಜಿಪ್ ಎಳೆಯುತ್ತಾಳೆ. ಅವಳು ಸ್ನಾನಕ್ಕೆ ಹೋದಾಗ ತೆಗೆದು ನೋಡಿದೆ. ಅರ್ಧ ತಿಂದ ಚಾಕೊಲೇಟು ಬಿಟ್ಟರೆ ಏನೂ ಇರಲಿಲ್ಲ. ಅಂದರೆ ಬೇರೆ ಎಲ್ಲೋ ಇಟ್ಟಿದ್ದಾಳೆ.

ಮನೆಯವರು ನಗುತ್ತಾರೆ. ಮೆಡಿಕಲ್ ಶಾಪ್ ಮುಚ್ಚಿ ಬಂದ ನನ್ನ ಗಂಡ ಹಂಪೇಶ್ ಅಂಗಿ ಬಿಚ್ಚಿ ನನ್ನ ಕೈಗೆ ಕೊಟ್ಟು, "ತಗೋ, ಇದರ ಜೇಬನ್ನೂ ತಿರುವಿ ಪಾಸ್ ಮಾಡು" ಎಂದರು. ಅತ್ತೆಯೂ ಮಗಳೂ ನಕ್ಕರು. ನಾನು ಬರುವ ಮೊದಲೇ ಈ ಮಾತಾಗಿದ್ದಂತೆ ಕಂಡಿತು.

ಜೂನ್ ೧೬, ಸೋಮವಾರ

ಸಿಕ್ಕಿಬಿದ್ದ.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಾಗ ಹಿಂದಿನ ಗೇಟಿನಲ್ಲಿ ಗೂಡ್ಸ್ ಆಟೊ ನಿಂತಿತ್ತು. ಹುಲುಗೇಶ್ ತಾನೇ ಗಂಟುಗಳನ್ನು ಎತ್ತಿ ಹಾಕುತ್ತಿದ್ದ. ಶೆಡ್ಡಿನ ಮಾಸ್ಟರ್ ಗಂಟು ಹೊರುವುದೆಂದರೇನು? ಹಿಂದೆ ಹೋಗಿ ನಿಂತೆ.

"ಎಲ್ಲಿಗಣ್ಣ ಇದು?"

ಬೆಚ್ಚಿಬಿದ್ದ. "ಕುರುಗೋಡಿಗೆ. ಅಕ್ಕನ ಮನಿಗೆ."

"ಗಂಟಿನ್ಯಾಗ ಏನೈತಿ?"

"ಹಳೇ ಬಟ್ಟಿ ತಂಗಿ. ಏನಿಲ್ಲ." ನನ್ನ ಮುಖ ನೋಡದೆ ಹಗ್ಗ ಬಿಗಿದ.

ಹಳೆಯ ಬಟ್ಟೆಯಂತೆ! ಗಂಟಿನ ಸಂದಿಯಿಂದ ಹೊಸ ಪೀಸಿನ ಕಾಲು ಇಣುಕುತ್ತಿದ್ದುದು ನನಗೆ ಕಾಣಲಿಲ್ಲವೆಂದುಕೊಂಡನೇ? ಅಕ್ಕನ ಮನೆಯಂತೆ! ಕಿವಿಗೆ ಹೂವಿಡುವುದೆಂದರೆ ಇದೇ. ಮಾಲನ್ನು ಸಾಗಿಸುತ್ತಾನೆ. ಅದು ಗೊತ್ತಾಗಬಾರದೆಂದು ಉಳಿದದ್ದನ್ನು ಅವಸರದಲ್ಲಿ ತೊಳೆಯುತ್ತಾನೆ. ಇಷ್ಟು ವರ್ಷ ನಾನು ಯಾರ ಜೊತೆ ಊಟ ಮಾಡುತ್ತಿದ್ದೆ?

ಜೂನ್ ೧೭, ಮಂಗಳವಾರ

ಹೆಸರು ಬರೆದು ಕಳಿಸಿದೆ.

ನನ್ನ ಕೆಲಸವೇ ಇದು. ಸ್ನೇಹಕ್ಕೆ ಸಂಬಳ ಕೊಡುವವರು ಯಾರೂ ಇಲ್ಲ.

ಜೂನ್ ೧೯, ಗುರುವಾರ

ಅವನನ್ನು ತೆಗೆದುಹಾಕಿದರು. ಕಾರ್ಖಾನೆಯ ಮಾಲೀಕರು ಚನ್ನಬಸವರಾಜಪ್ಪನವರು ಒಂದು ಮಾತೂ ವಾದಿಸಲಿಲ್ಲ, ತಲೆ ತಗ್ಗಿಸಿ ಆಯಿತೆಂದರು. ಅವರ ನಂಬಿಗಸ್ತ ಮನುಷ್ಯ, ಒಂದು ಮಾತೂ ಇಲ್ಲ! ಅದರಲ್ಲೂ ಏನೋ ಇದೆ.

ಹುಲುಗೇಶ್ ತನ್ನ ಟಿಫಿನ್ ಡಬ್ಬಿ ತೆಗೆದುಕೊಳ್ಳಲು ಬಂದಿದ್ದ. ಕೂಗಾಡುತ್ತಾನೆಂದು ಕಾದೆ. ಕೂಗಾಡಲಿಲ್ಲ.

"ಮೇಡಂ," ಎಂದ. ಯಾವತ್ತೂ ಹಾಗೆ ಕರೆದವನಲ್ಲ. "ಅನುಮಾನ ಪಡೋದು ನಿಮ್ಮ ಕೆಲಸ, ಅದಕ್ಕ ನನಗ ಸಿಟ್ಟಿಲ್ಲ. ಬುತ್ತಿ ಬಿಚ್ಚಿ ಎದುರಿಗೆ ಕುಂತಾಗ ಒಂದ್ ಮಾತು ಕೇಳಬೋದಿತ್ತು."

"ಗೇಟಿನ್ಯಾಗ ಕೇಳಿದ್ನಲ್ಲ? ಹಳೇ ಬಟ್ಟಿ ಅಂದ್ಯಲ್ಲ?"

"ಹೌದ್ರಿ, ಅಂದೆ." ಮತ್ತೇನೋ ಹೇಳಲು ಬಾಯಿ ತೆರೆದ. ಬಾಗಿಲಲ್ಲಿ ಚನ್ನಬಸವರಾಜಪ್ಪನವರು ನಿಂತಿದ್ದರು. ಹುಲುಗೇಶ್ ಡಬ್ಬಿಯನ್ನು ಬಗಲಲ್ಲಿ ಇಟ್ಟುಕೊಂಡು ಹೋದ.

ಮನೆಗೆ ಬಂದು ಅತ್ತುಬಿಟ್ಟೆ. ಯಾಕೆಂದು ಗೊತ್ತಿಲ್ಲ. ಕಳ್ಳನಿಗಾಗಿ ಅಳುವವಳು ನಾನೊಬ್ಬಳೇ ಇರಬೇಕು.

ಜೂನ್ ೨೩, ಸೋಮವಾರ

ಹೊಸ ಮಾಸ್ಟರ್ ಬಂದು ತೊಳೆದ ರಾಶಿಯಲ್ಲೂ ಕಲೆ ಇದೆ!

ಅದೇ ಜೇಬು, ಅದೇ ಮೂಲೆ. ಹುಲುಗೇಶ್ ಹೋಗುವ ಮುನ್ನ ಔಷಧಿಯ ಡ್ರಮ್ಮಿಗೆ ಏನಾದರೂ ಸುರಿದು ಹೋಗಿದ್ದಾನೆಯೇ? ಒಳಗೆ ಅವನ ಕಡೆಯವರು ಯಾರೋ ಇದ್ದಾರೆಯೇ? ಪ್ಯಾಕಿಂಗಿನ ಹನುಮೇಶ್ ನನ್ನನ್ನು ಕಂಡು ಮಾತು ನಿಲ್ಲಿಸುತ್ತಾನೆ. ಎಲ್ಲರೂ ನಿಲ್ಲಿಸುತ್ತಾರೆ.

ಗೂಡ್ಸ್ ಆಟೊ ಇವತ್ತೂ ಹಿಂದಿನ ಗೇಟಿನಿಂದ ಹೋಯಿತು. ಕಳ್ಳ ಹೋದ ಮೇಲೂ ಗಂಟು ಹೋಗುತ್ತದೆ ಎಂದರೆ ಏನರ್ಥ? ನಾಳೆ ಅದರ ಬೆನ್ನು ಹತ್ತುತ್ತೇನೆ.

ಜೂನ್ ೨೪, ಮಂಗಳವಾರ

ಹೇಗೆ ಬರೆಯುವುದೋ ತಿಳಿಯುತ್ತಿಲ್ಲ. ಆದದ್ದನ್ನು ಆದಂತೆ ಬರೆಯುತ್ತೇನೆ.

ಹಂಪೇಶ್ ಅವರ ಸ್ಕೂಟರ್ ತೆಗೆದುಕೊಂಡು ಆಟೊ ಹಿಂದೆ ಹೋದೆ. ಕುರುಗೋಡಿನ ಗುಡ್ಡ ಕಾಣುವವರೆಗೂ ಧೂಳು ಕುಡಿದೆ. ಆಟೊ ದೊಡ್ಡಬಸವೇಶ್ವರ ಗುಡಿಯ ಆಚೆಯ ಓಣಿಗೆ ತಿರುಗಿ ಒಂದು ಮನೆಯ ಮುಂದೆ ನಿಂತಿತು. ಪಡಸಾಲೆಯ ತುಂಬ ನಮ್ಮ ಜೀನ್ಸ್. ಸುತ್ತ ಕೂತ ಹೆಂಗಸರು ಹೊಲಿಗೆಯ ದಾರದ ತುದಿಗಳನ್ನು ಕತ್ತರಿಸಿ, ಟ್ಯಾಗ್ ಕಟ್ಟಿ, ಮಡಿಚಿ ಇಡುತ್ತಿದ್ದರು. ಮಾರಾಟವಿಲ್ಲ, ಕಳವಿಲ್ಲ. ನಮ್ಮ ಕಾರ್ಖಾನೆಯದೇ ಕೆಲಸ. ಕೈ ಸಾಲದ್ದಕ್ಕೆ ಮಾಲೀಕರು ಕದ್ದುಮುಚ್ಚಿ ಮನೆಗಳಿಗೆ ಕೊಡುತ್ತಿದ್ದಾರೆ. ಡೆನ್ಮಾರ್ಕಿನವರ ಒಪ್ಪಂದದಲ್ಲಿ ಅದು ಕೂಡದು. ಒಂದು ಪೀಸೂ ಕಾರ್ಖಾನೆಯ ಗೋಡೆ ದಾಟಬಾರದು.

ನಾನು ಬಂದದ್ದನ್ನು ಕಂಡು ಹೆಂಗಸರು ಕತ್ತರಿ ಕೆಳಗಿಟ್ಟರು. ಕೊನೆಯಲ್ಲಿ ಕೂತ ಹಿರಿಯಾಕೆ ಮಾತ್ರ ಹೆದರಲಿಲ್ಲ. "ಬರ್ರಿ, ಕುಂದರ್ರಿ," ಎಂದು ಚಾಪೆ ಸರಿಸಿದಳು. ಯಾರವ್ವ ನೀನು ಎಂದೆ.

"ನಾನು ವಿರೂಪಮ್ಮ. ನಿಮ್ಮ ವಾಷಿಂಗ್ ಮಾಸ್ಟರ್ ಹುಲುಗೇಶಿ ಅದಾನಲ್ರಿ, ಅವನ ಅಕ್ಕ."

ಅಕ್ಕ. ಅಕ್ಕನ ಮನೆಗೆ ಎಂದಿದ್ದ.

ಅವಳ ಪಕ್ಕದಲ್ಲಿ ಸಣ್ಣ ಬಟ್ಟಲಿತ್ತು. ಮಡಿಚುವ ಮೊದಲು ಪ್ರತಿ ಪೀಸೂ ಅವಳ ಕೈಗೆ ಬರುತ್ತಿತ್ತು. ನನ್ನೊಂದಿಗೆ ಮಾತಾಡುತ್ತಲೇ ಬಟ್ಟಲಿನಲ್ಲಿ ಬೆರಳದ್ದಿ, ಬಲಜೇಬಿನೊಳಗೆ ಕೈಹಾಕಿ, ಮೂಲೆಗೆ ಒತ್ತಿ, ಪಕ್ಕಕ್ಕಿಟ್ಟಳು. ಬಟ್ಟಲಿನಲ್ಲಿ ಕಲಸಿದ ಅರಿಶಿಣ.

ನಾನು ಚಾಪೆಯ ಮೇಲೆ ಕೂತು ಆ ಪೀಸಿನ ಜೇಬು ತಿರುವಿ ನೋಡಿದೆ.

"ಅದ್ಯಾಕವ್ವ ಹಚ್ಚಾಕತ್ತಿ?"

ಇದೇನು ಕೇಳುತ್ತಾಳಿವಳು ಎಂಬಂತೆ ನೋಡಿದಳು. "ಹೊಸ ಬಟ್ಟಿ ಅಲ್ಲೇನ್ರಿ? ಇಲ್ಲಿ ಮಾರೋ ಮಾಲಿಗೆ ನಾನು ಹಚ್ಚಂಗಿಲ್ಲ, ತಗೊಂಡವ್ರು ಅವರವರ ಮನ್ಯಾಗ ಹಚ್ಕೊಂತಾರ. ಇವು ದ್ಯಾವ್ರ ಹೆಸರು ಗೊತ್ತಿಲ್ಲದ ದೇಶಕ್ಕ ಹೋಗ್ತಾವಂತ. ಅಲ್ಲಿ ಯಾರು ಹಚ್ತಾರ್ರಿ? ಯಾರ್ದೋ ಮಕ್ಳು ಬರೇ ಬಟ್ಟಿ ಉಡ್ತಾವಲ್ಲ ಅಂತ ಕರುಳು ಚುರ್ ಅಂತು. ಮ್ಯಾಲೆ ಹಚ್ಚಿದ್ರ ಮಾಲು ಕೆಡ್ತೈತಿ ಅಂತ ಒಳಗ ಮೂಲಿಗೆ ಹಚ್ತೀನಿ. ಒಂದನ್ನೂ ಬಿಟ್ಟಿಲ್ಲ."

ಒಂದನ್ನೂ ಬಿಟ್ಟಿಲ್ಲ.

ನನ್ನ ಮನೆಯಲ್ಲೇ, ನನ್ನ ಮಗಳ ಕಾಲರಿನಲ್ಲೇ ಇದ್ದದ್ದು. ಅದನ್ನು ನಾನೇ ಸೋಪು ಹಾಕಿ ತಿಕ್ಕಿದ್ದೆ. ಇಲ್ಲಿ ಹುಟ್ಟಿ, ಇಲ್ಲಿ ಬೆಳೆದು, ಪ್ರತಿ ಹಬ್ಬದಲ್ಲೂ ಅರಿಶಿಣ ಹಚ್ಚಿದ ಲಂಗ ಉಟ್ಟವಳು ಔಷಧಿ ಎಂದೆ, ಕಳವು ಎಂದೆ, ಡ್ರಮ್ಮಿಗೆ ಏನೋ ಸುರಿದಿದ್ದಾನೆ ಎಂದೆ. ಡೆನ್ಮಾರ್ಕಿನವರಿಗೆ ಗೊತ್ತಾಗದಿದ್ದರೆ ಅದು ಸರಿ. ನನ್ನ ಕಣ್ಣಿಗೇನಾಗಿತ್ತು?

"ಹುಲುಗೇಶಿಗೆ ಕೆಲಸ ಹೋತಂತ," ಎಂದಳು ವಿರೂಪಮ್ಮ. "ಯಾಕಂತ ಕೇಳಿದ್ರ ಬಾಯಿ ಬಿಡವಲ್ಲ. ನಿಮಗೇನರ ಗೊತ್ತೇನ್ರಿ?"

ನನಗೆ ಗೊತ್ತಿತ್ತು. ಅವನು ಬಾಯಿ ಬಿಟ್ಟಿದ್ದರೆ ಈ ಪಡಸಾಲೆಯ ಕೆಲಸ ಅವತ್ತೇ ನಿಲ್ಲುತ್ತಿತ್ತು. ಅರಿಶಿಣದ ವಿಷಯ ಅವನಿಗೂ ತಿಳಿದಿರಲಿಕ್ಕಿಲ್ಲ. ಗಂಟಿನ ಗುಟ್ಟನ್ನು ಮಾತ್ರ ಕಾಯುತ್ತಿದ್ದ. ವಿರೂಪಮ್ಮನಿಗೆ ಏನೂ ಹೇಳದೆ ಎದ್ದು ಬಂದೆ.

ಜೂನ್ ೨೫, ಬುಧವಾರ

ಕುರುಗೋಡಿನಲ್ಲಿ ಕಂಡದ್ದನ್ನು ಹೇಳಿದ ಮೇಲೆ ಚನ್ನಬಸವರಾಜಪ್ಪನವರು ಬಾಗಿಲು ಹಾಕಿಕೊಂಡು ಮಾತಾಡಿದರು. "ಹೆಂಗೂ ಅವನ ಹೆಸರು ಹೋಗೇತಿ. ಅದು ಅಲ್ಲಿಗೇ ಇರ್ಲಿ ಬಿಡ್ರಿ. ಹೊರಗ ಕೆಲಸ ಕೊಟ್ಟಿದ್ದು ಗೊತ್ತಾದ್ರ ಆರ್ಡರ್ ಹೋಗ್ತೈತಿ. ಆ ಹೆಣ್ಮಕ್ಕಳು ಏನು ಮಾಡಬೇಕು?"

ಹೆಣ್ಣುಮಕ್ಕಳ ಚಿಂತೆ ಇವರಿಗೆ ಇವತ್ತು ಹುಟ್ಟಿತೇ? ಆದರೂ ಮಾತು ಸುಳ್ಳಲ್ಲ. ನಿಜ ಬರೆದರೆ ಕುರುಗೋಡು ಹೋಗುತ್ತದೆ, ಬರೆಯದಿದ್ದರೆ ಹುಲುಗೇಶಣ್ಣ ಸಾಯುವವರೆಗೂ ಕಳ್ಳ. ಕೊನೆಗೆ ಬರೆದೆ, ಎಲ್ಲವನ್ನೂ. ಕೊಟ್ಟ ಹೆಸರು ತಪ್ಪು, ತಪ್ಪು ನನ್ನದು ಎಂದೂ ಬರೆದೆ.

ಜೂನ್ ೨೭, ಶುಕ್ರವಾರ

ವಿಡಿಯೊದಲ್ಲಿ ಡೆನ್ಮಾರ್ಕಿನ ಹೆಂಗಸು. ಅಡುಗೆಗೆ ಹಾಕುವ ಪುಡಿಯೇ ಎಂದು ಮತ್ತೆ ಮತ್ತೆ ಕೇಳಿದಳು. ಹೌದು, ಆದರೆ ಇದು ಅಡುಗೆಗಲ್ಲ ಎಂದೆ. ಮತ್ತೆ ಯಾತಕ್ಕೆ ಎಂದಳು. ಉಡುವವರಿಗೆ ಒಳ್ಳೆಯದಾಗಲಿ ಎಂದು ಎಂದೆ. ಕಣ್ಣೊರೆಸಿಕೊಂಡಳೋ ಕನ್ನಡಕ ಸರಿಮಾಡಿದಳೋ ಗೊತ್ತಾಗಲಿಲ್ಲ. ಅವರದೆಲ್ಲ ನಾಟಕವೂ ಇರುತ್ತದೆ.

ಆರ್ಡರ್ ಉಳಿಯಿತು. ಮನೆಗಳಿಗೆ ಕೆಲಸ ಕೊಡುವುದು ಇವತ್ತಿಗೇ ಬಂದ್. ಹೆಂಗಸರನ್ನು ವ್ಯಾನಿನಲ್ಲಿ ಕಾರ್ಖಾನೆಗೇ ಕರೆತರಬೇಕು. ಹುಲುಗೇಶಣ್ಣನನ್ನು ವಾಪಸ್ ತೆಗೆದುಕೊಳ್ಳಬಹುದು. ಇನ್ನು ಮುಂದೆ ಹೀಗಾಗದಂತೆ ನೀವೇ ಒಂದು ನಿಯಮ ಮಾಡಿ ಕಳಿಸಿ ಎಂದಿದ್ದಾರೆ. ಈ ಸಲ ಒಂದು ಸಂದಿಯೂ ಉಳಿಯದಂಥ ನಿಯಮ ಮಾಡುತ್ತೇನೆ.

ಜೂನ್ ೨೯, ಭಾನುವಾರ

ಸಿರುಗುಪ್ಪಕ್ಕೆ ಹೋಗಿದ್ದೆ. ಹುಲುಗೇಶಣ್ಣ ಭತ್ತದ ಮಿಲ್ಲಿಗೆ ಸೇರಿದ್ದಾನೆ. ತೌಡಿನ ಧೂಳಿಗೆ ಕೆಮ್ಮು ಹತ್ತಿದೆ. ಪಾರಮ್ಮ ನೀರು ಕೊಟ್ಟು ಒಳಗೆ ಹೋದವಳು ಮತ್ತೆ ಹೊರಗೆ ಬರಲಿಲ್ಲ.

ಬಸ್ಸಿನಲ್ಲಿ ಕಲಿತುಕೊಂಡು ಹೋಗಿದ್ದ ಮಾತೆಲ್ಲ ಮರೆತುಹೋಯಿತು. "ತಪ್ಪಾತಣ್ಣ," ಎಂದೆ, "ಕ್ಷಮಿಸು." ಅಳು ಬಂತು. ಅವನು ನೆಲ ನೋಡುತ್ತ ಕೂತಿದ್ದ.

"ಅಕ್ಕನ ಕೆಲಸ ಉಳೀತಲ್ರಿ ಮೇಡಂ. ಸಾಕು."

"ಮೇಡಂ ಅನಬ್ಯಾಡಣ್ಣ."

ಮುಂದಿನ ವಾರದಿಂದ ಬರುತ್ತೇನೆ ಎಂದ, ಮಿಲ್ಲು ತನಗೆ ಆಗಿಬರುವುದಿಲ್ಲವಂತೆ. ಪಡಸಾಲೆಯಲ್ಲಿ ಹೊಸ ಫ್ರಿಜ್ ಇತ್ತು. ಅವನ ಸಂಬಳದಲ್ಲಿ ಇದು ಹೇಗೆ ಎಂದು ಮನಸ್ಸು ಕೇಳಿಯೇಬಿಟ್ಟಿತು. ಥೂ ಎಂದು ನನ್ನನ್ನೇ ಬೈದುಕೊಂಡೆ. ಬರುವಾಗ ಬಸ್ಸಿನಲ್ಲಿ ಹಗುರವೆನಿಸಿತು. ನಾನು ಬದಲಾಗಬೇಕು, ಬದಲಾಗುತ್ತೇನೆ.

ಜುಲೈ ೭, ಸೋಮವಾರ

ಹೊಸ ನಿಯಮದ ಮೊದಲ ದಿನ. ಬಹಳ ಚೆನ್ನಾಗಿ ನಡೆಯಿತು. ಡೆನ್ಮಾರ್ಕಿನವರು ಮೆಚ್ಚಿ ಬರೆದಿದ್ದಾರೆ, ಬೇರೆ ದೇಶಗಳ ಕಾರ್ಖಾನೆಗಳಲ್ಲೂ ಇದನ್ನೇ ತರುತ್ತಾರಂತೆ.

ಒಳಗೆ ಬರುವ ಪ್ರತಿಯೊಬ್ಬರೂ ಗೇಟಿನಲ್ಲಿ ಎರಡೂ ಕೈ ಚಾಚಿ ನನಗೆ ತೋರಿಸಬೇಕು. ಅರಿಶಿಣ, ಕುಂಕುಮ, ಎಣ್ಣೆ, ಮದರಂಗಿ ಯಾವುದೂ ಇರಬಾರದು. ಕುರುಗೋಡಿನ ವ್ಯಾನ್ ಮೊದಲು ಬಂತು. ವಿರೂಪಮ್ಮ ಕೆನ್ನೆಯ ಅರಿಶಿಣವನ್ನೂ ತೊಳೆದುಕೊಂಡು ಬಂದಿದ್ದಳು. "ಕೈ ಅಷ್ಟೇ ಸಾಕಾಗಿತ್ತವ್ವ," ಎಂದೆ. "ಇರ್ಲಿ ಬಿಡ್ರಿ," ಎಂದು ಸೆರಗು ಎಳೆದುಕೊಂಡು ಒಳಗೆ ಹೋದಳು.

ಕೊನೆಯಲ್ಲಿ ಹುಲುಗೇಶ್. ಮಾಸ್ಟರುಗಳಿಗೆ ಬೇಡ ಎನ್ನಬಹುದಿತ್ತು, ಆದರೆ ಒಬ್ಬರಿಗೆ ಬಿಟ್ಟರೆ ಎಲ್ಲರಿಗೂ ಬಿಡಬೇಕಾಗುತ್ತದೆ. ನಾನು ಹೇಳುವ ಮೊದಲೇ ಕೈ ಚಾಚಿದ. ಅಂಗೈ ತೋರಿಸಿ, ಹೊರಳಿಸಿ ಮುಂಗೈ ತೋರಿಸಿದ. ಕಣ್ಣು ಬೇರೆ ಕಡೆ ಇತ್ತು. ಇಷ್ಟು ವರ್ಷದ ಜೀನ್ಸಿನ ನೀಲಿ ಅವನ ಚರ್ಮಕ್ಕೇ ಇಳಿದಿದೆ, ತೊಳೆದರೆ ಹೋಗುವಂಥದ್ದಲ್ಲ. ಬೇರೇನೂ ಇರಲಿಲ್ಲ. ಹೋಗು ಎಂದೆ.

ಉಗುರಿನ ಸಂದಿ ನೋಡುವುದನ್ನು ಮರೆತೆ. ನಾಳೆ ಮೊದಲು ಅವನದೇ ನೋಡಬೇಕು.